ರೋಮಾಂಚ ಮತ್ತು ರಸ: ಪರದೆಯ ಮುಂದಿನ ಪ್ರೇಕ್ಷಕ

ಕಲೆಯನ್ನು ನೋಡುವಾಗ ಮೈ ನವಿರೇಳುತ್ತದೆ, ಕಣ್ಣು ತುಂಬುತ್ತದೆ, ಉಸಿರು ಕ್ಷಣಕಾಲ ಕಟ್ಟುತ್ತದೆ. ಈ ದೇಹವಿಕಾರಗಳೇ ಕಲಾನುಭವವೋ, ಇಲ್ಲವೇ ಅದರ ಹೊರಗುರುತುಗಳೋ ಎಂಬುದು ಭಾರತೀಯ ಕಾವ್ಯಮೀಮಾಂಸೆಯ ಹಳೆಯ ಪ್ರಶ್ನೆ. ಡಿಜಿಟಲ್ ಕಲೆಯಿಂದಾಗಿ ಅದು ಮತ್ತೆ ಮುಂದೆ ಬಂದಿದೆ. ಈ ಕಲೆಯಲ್ಲಿ ಎರಡು ಬಗೆ. ಒಂದು, ಬೇರೆಡೆ ನಡೆಯುವ ಪ್ರದರ್ಶನವನ್ನು ಕ್ಯಾಮೆರಾದ ಮೂಲಕ ಪರದೆಗೆ ತರುವುದು. ಇನ್ನೊಂದು, ಕಂಪ್ಯೂಟರಿನಿಂದಲೇ ಹುಟ್ಟಿ ನೋಡುಗನನ್ನು ಸುತ್ತುವರಿಯುವುದು. ಎರಡೂ ದೇಹವನ್ನು ಮುಟ್ಟುತ್ತವೆ, ಆದರೆ ಮುಟ್ಟುವ ಬಗೆ ಬೇರೆ.

ಮೊದಲ ಬಗೆಯನ್ನು ಪರೀಕ್ಷಿಸಲು ಸಂಪಾಜೆಯ ಸೀಮೆ ಒಳ್ಳೆಯ ನೆಲೆ. ಸುಳ್ಯದಿಂದ ಮಡಿಕೇರಿಗೆ ಘಟ್ಟ ಹತ್ತುವ ಹೆದ್ದಾರಿಯ ಮೇಲಿರುವ ಈ ಊರಿನ ಹೆಸರು ಕೊಡಗು, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿದೆ. ಅರೆಭಾಷೆ, ತುಳು, ಕನ್ನಡ ಕೂಡಿ ಬಾಳುವ ಇಲ್ಲಿ ತೆಂಕುತಿಟ್ಟಿನ ಯಕ್ಷಗಾನ ಜನರ ಮುಖ್ಯ ಕಲೆ. ಕಿರೀಟ ವೇಷಗಳಿಗೆ ಹೆಸರಾದ ಸಂಪಾಜೆ ಶೀನಪ್ಪ ರೈ ಊರಿನ ಹೆಸರನ್ನು ಮೇಳಗಳ ಜೊತೆ ಕೊಂಡೊಯ್ದರು. ಪಕ್ಕದ ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವ ಆಟದ, ಎಂದರೆ ಯಕ್ಷಗಾನ ಪ್ರದರ್ಶನದ, ಅಭಿಮಾನಿಗಳಿಗೆಲ್ಲ ಪರಿಚಿತ. ಹಿಂದೆ ಆಟ ನೋಡಬೇಕಾದರೆ ಬಯಲಿಗೆ ಹೋಗಿ ರಾತ್ರಿಯಿಡೀ ಕೂರಬೇಕಿತ್ತು. ಈಗ ನೇರಪ್ರಸಾರವನ್ನು ಮೊಬೈಲಿನಲ್ಲಿ ನೋಡಬಹುದು. 2020ರಲ್ಲಿ ಕೋವಿಡ್ ನಿರ್ಬಂಧದಿಂದ ಬಯಲಾಟ ನಿಂತಾಗ ಹಲವರಿಗೆ ಉಳಿದದ್ದು ಪರದೆಯ ದಾರಿಯೊಂದೇ.

ಪ್ರೇಕ್ಷಕನ ದೇಹಕ್ಕೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟವನು ಭರತ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರದರ್ಶನದ ಯಶಸ್ಸನ್ನು ಅವನು ‘ಸಿದ್ಧಿ’ ಎಂದು ಕರೆದು, ಮಾನುಷೀ ಮತ್ತು ದೈವಿಕೀ ಎಂದು ಎರಡಾಗಿ ವಿಂಗಡಿಸುತ್ತಾನೆ. ಮಾನುಷೀ ಸಿದ್ಧಿ ನೋಡುಗರ ಮಾತಿನಲ್ಲೂ ಮೈಯಲ್ಲೂ ಕಾಣುತ್ತದೆ: ಮುಗುಳ್ನಗೆ, ನಗು, ಭಲೇ ಎಂಬ ಉದ್ಗಾರ, ರೋಮಾಂಚ, ಕೂತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆ ಉಂಗುರಗಳನ್ನು ಕೊಡುವುದು. ದೈವಿಕೀ ಸಿದ್ಧಿಯಲ್ಲಿ ಇವು ಯಾವುವೂ ಇಲ್ಲ. ರಂಗ ತುಂಬಿರುತ್ತದೆ, ಆದರೆ ಸದ್ದಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ. ದೇಹದ ಉತ್ತರವನ್ನು ಭರತ ಅಲ್ಲಗಳೆಯುವುದಿಲ್ಲ, ಹಾಗೆಂದು ಅದನ್ನೇ ಕೊನೆಯ ಮಾನದಂಡವೆಂದೂ ಒಪ್ಪುವುದಿಲ್ಲ.

ಆಧುನಿಕ ಶರೀರವಿಜ್ಞಾನ ಇದೇ ಗುರುತುಗಳ ಒಳಗಿನ ಕಾರಣವನ್ನು ವಿವರಿಸುತ್ತದೆ. ಅನುವೇದಕ ನರಗಳು ಪ್ರಚೋದನೆಗೊಂಡಾಗ ಕೂದಲ ಬುಡದ ಸಣ್ಣ ಸ್ನಾಯುಗಳು ಸೆಳೆದುಕೊಂಡು ರೋಮ ನಿಮಿರುತ್ತದೆ. ಚಳಿಗೂ ಭಯಕ್ಕೂ ಸಂಗೀತಕ್ಕೂ ಈ ಕ್ರಿಯೆ ಒಂದೇ. 2001ರಲ್ಲಿ ಮಾಂಟ್ರಿಯಲ್‌ನ ಆನ್ ಬ್ಲಡ್ ಮತ್ತು ರಾಬರ್ಟ್ ಝಟೋರೆ, ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಊಟ ಮೊದಲಾದ ಸುಖಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳೇ ಚುರುಕಾಗುತ್ತವೆ ಎಂದು ತೋರಿಸಿದರು. ಆ ಪ್ರಯೋಗದಲ್ಲಿ ಕೇಳಿಸಿದ್ದು ಧ್ವನಿಮುದ್ರಿತ ಸಂಗೀತ. ಎಂದರೆ ರೋಮಾಂಚಕ್ಕೆ ಕಲಾವಿದ ಎದುರಿಗಿರಬೇಕೆಂಬ ನಿಯಮವಿಲ್ಲ. ನೋಡುವ ಚಲನೆಯನ್ನು ನೋಡುಗನ ಮೈ ಒಳಗೊಳಗೇ ಅನುಕರಿಸುತ್ತದೆ ಎಂಬ ವಾದವನ್ನು ಡೇವಿಡ್ ಫ್ರೀಡ್‌ಬರ್ಗ್ ಮತ್ತು ವಿಟ್ಟೋರಿಯೊ ಗಲ್ಲೇಸೆ 2007ರಲ್ಲಿ ಮಂಡಿಸಿದರು. ಅದನ್ನು ಒಪ್ಪಿದರೆ, ಧೀಂಗಿಣ ಹಾಕುವ, ಎಂದರೆ ಸುತ್ತುತ್ತ ನೆಗೆಯುವ, ವೇಷಧಾರಿಯನ್ನು ಪರದೆಯಲ್ಲಿ ಕಂಡವನ ಕಾಲಿನಲ್ಲೂ ಆ ಹಾರಾಟದ ಸುಳಿವು ಮೂಡಬೇಕು.

ಹಾಗಾದರೆ ಪರದೆಯ ಮುಂದಿನವನಿಗೂ ರಸಾನುಭವ ಆಯಿತೆನ್ನಬಹುದೇ? ಸುಮಾರು ಕ್ರಿ.ಶ. 1000ದ ಹೊತ್ತಿಗೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಅವನ ದೃಷ್ಟಿಯಲ್ಲಿ ಭಯ ಬೇರೆ, ಭಯಾನಕ ರಸ ಬೇರೆ. ಕಾಳಿದಾಸನ ಶಾಕುಂತಲದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯ ಚಿತ್ರವನ್ನು ಅವನು ಉದಾಹರಿಸುತ್ತಾನೆ. ಅಲ್ಲಿ ಸಹೃದಯನಿಗೆ ತೋರುವ ಭಯ ತನ್ನದಲ್ಲ, ಜಿಂಕೆಯದಲ್ಲ, ಮತ್ತೊಬ್ಬನದೂ ಅಲ್ಲ. ದೇಶಕಾಲಗಳ ಅಂಟು ಕಳಚಿದ ಭಯ ಅದು. ಈ ಸಾಧಾರಣೀಕರಣ ನಡೆದು, ಚಿತ್ತ ಅಡ್ಡಿಯಿಲ್ಲದೆ ಅಲ್ಲಿ ವಿಶ್ರಮಿಸಿದಾಗ ಮಾತ್ರ ರಸ. ರೋಮಾಂಚ ಅದರ ಜೊತೆಗೆ ಬರಬಹುದು, ಅದಿಲ್ಲದೆಯೂ ಬರಬಹುದು.

ಅಡ್ಡಿಗಳನ್ನು ಅಭಿನವಗುಪ್ತ ಏಳಾಗಿ ಎಣಿಸುತ್ತಾನೆ. ಪರದೆಯ ವಿಷಯದಲ್ಲಿ ಅವುಗಳಲ್ಲಿ ನಾಲ್ಕು ಮುಖ್ಯವಾಗುತ್ತವೆ. ಒಂದು ಸ್ಫುಟತೆಯ ಕೊರತೆ. ಇಲ್ಲಿ ಪರದೆಯದೇ ಮೇಲುಗೈ: ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚಿಟ್ಟಿಗಳು, ಕಣ್ಣಿನ ಚಲನೆ ಬಯಲಿನ ಹಿಂದಿನ ಸಾಲಿಗೆ ಕಾಣುವುದಕ್ಕಿಂತ ಹತ್ತಿರದಲ್ಲಿ ಕಾಣುತ್ತವೆ. ಎರಡನೆಯದು ಗ್ರಹಣಸಾಧನದ ಊನ. ಮೊಬೈಲಿನ ಪುಟ್ಟ ಸ್ಪೀಕರು ಮದ್ದಳೆಯ ತಗ್ಗಿನ ನಾದವನ್ನು ಹಿಡಿಯಲಾರದು. ಎದೆಗೆ ಬಡಿಯುವ ಚೆಂಡೆಯ ಪೆಟ್ಟು ಕಿವಿಯ ಸದ್ದಾಗಿ ಮಾತ್ರ ಉಳಿಯುತ್ತದೆ. ಮೂರನೆಯದು ಪ್ರಧಾನ ಅಪ್ರಧಾನಗಳ ಗೊಂದಲ. ರಂಗಸ್ಥಳದಲ್ಲಿ ಭಾಗವತರು, ಮಾತಾಡುವ ವೇಷ, ಅದನ್ನು ಕೇಳುತ್ತ ನಿಂತ ಎದುರು ವೇಷ ಮೂರೂ ಒಟ್ಟಿಗೆ ಕಣ್ಣಿಗಿರುತ್ತವೆ, ಯಾವುದು ಮುಖ್ಯವೆಂದು ನೋಡುಗನೇ ಆರಿಸುತ್ತಾನೆ. ನೇರಪ್ರಸಾರದಲ್ಲಿ ಆ ಆಯ್ಕೆ ಕ್ಯಾಮೆರಾದವನದು.

ನಾಲ್ಕನೆಯದು ನೋಡುಗ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಇದನ್ನು ಕಳೆಯಲೆಂದೇ ವಾದ್ಯ, ಗಾನ, ಅಲಂಕೃತ ಮಂಟಪಗಳಿವೆ ಎನ್ನುತ್ತಾನೆ ಅಭಿನವಗುಪ್ತ. ಬಯಲಿನಲ್ಲಿ ಮನೆಯ ಚಿಂತೆಯನ್ನು ಹಿಮ್ಮೇಳ ಮೆಲ್ಲಗೆ ಬಿಡಿಸುತ್ತದೆ. ಮೊಬೈಲಿನಲ್ಲಾದರೆ ಬ್ಯಾಂಕಿನ ಸಂದೇಶ, ನೆಂಟರ ಕರೆ, ಅಡಿಕೆಯ ಧಾರಣೆ ಎಲ್ಲ ಬರುವುದು ಆಟ ಬರುವ ಪರದೆಗೇ. ಬೇಸರವಾದರೆ ಬೆರಳಾಡಿಸಿ ಪ್ರಸಂಗವನ್ನು ಮುಂದೋಡಿಸಬಹುದು. ನವಿರೇಳಿಸುವ ತುಣುಕುಗಳನ್ನು ಮಾತ್ರ ಕತ್ತರಿಸಿ ಹಂಚಿದಾಗ ರೋಮಾಂಚ ಉಳಿಯುತ್ತದೆ, ರಸವನ್ನು ಕಟ್ಟುವ ವಿಭಾವಗಳ, ಎಂದರೆ ಭಾವವನ್ನು ಎಬ್ಬಿಸುವ ಕಾರಣಗಳ, ಸರಣಿ ಕಡಿಯುತ್ತದೆ.

ಎರಡನೆಯ ಬಗೆಯ ಡಿಜಿಟಲ್ ಕಲೆಯ ತೊಡಕು ಇದಕ್ಕೆ ವಿರುದ್ಧವಾದದ್ದು. 2018ರಲ್ಲಿ ಟೋಕಿಯೊದಲ್ಲಿ ಟೀಮ್‌ಲ್ಯಾಬ್ ತಂಡ ತೆರೆದ ‘ಬಾರ್ಡರ್‌ಲೆಸ್’ ಸಂಗ್ರಹಾಲಯದಲ್ಲಿ ಗೋಡೆ ನೆಲಗಳ ಮೇಲೆಲ್ಲ ಬೆಳಕಿನ ಚಿತ್ರಗಳು ಹರಿದಾಡುತ್ತವೆ. ನೋಡುಗ ಚಿತ್ರದ ಒಳಗೇ ನಡೆಯುತ್ತಾನೆ. ಕಣ್ಣಿನ ಸುತ್ತೆಲ್ಲ ದೃಶ್ಯ ಚಲಿಸಿದಾಗ ನಿಂತವನಿಗೂ ತಾನೇ ಚಲಿಸಿದಂತೆ ಭಾಸವಾಗುತ್ತದೆ. ಕಣ್ಣು ಚಲನೆಯೆಂದೂ ಒಳಗಿವಿಯ ಸಮತೋಲನದ ಅಂಗ ನಿಶ್ಚಲವೆಂದೂ ಹೇಳುವುದರಿಂದ ವಿಆರ್ ಕನ್ನಡಕ ತೊಟ್ಟ ಕೆಲವರಿಗೆ ತಲೆಸುತ್ತು, ಓಕರಿಕೆ ಬರುತ್ತವೆ. ರಾಫೆಲ್ ಲೊಝಾನೊ-ಹೆಮ್ಮರ್ 2006ರಲ್ಲಿ ರಚಿಸಿದ ‘ಪಲ್ಸ್ ರೂಮ್’ ಇನ್ನೂ ಮುಂದೆ ಹೋಗುತ್ತದೆ: ಹಿಡಿಕೆಯನ್ನು ಹಿಡಿದವನ ನಾಡಿಬಡಿತಕ್ಕೆ ತಕ್ಕಂತೆ ಬಲ್ಬು ಮಿನುಗುತ್ತದೆ. ಅಲ್ಲಿ ದೇಹದ ಉತ್ತರವೇ ಕಲಾಕೃತಿ. ಇವುಗಳ ಅಪಾಯ ಅನ್ಯಮನಸ್ಕತೆಯಲ್ಲ, ‘ಇದು ನನಗೇ ಆಗುತ್ತಿದೆ’ ಎಂಬ ಭಾವ. ಅಭಿನವಗುಪ್ತನ ಎಣಿಕೆಯಲ್ಲಿ ಅದೂ ಒಂದು ಅಡ್ಡಿ: ಅನುಭವವನ್ನು ಸ್ವಗತ ಅಥವಾ ಪರಗತವೆಂದು ದೇಶಕಾಲಗಳಿಗೆ ಕಟ್ಟಿಹಾಕುವುದು. ಪೂರ್ವರಂಗವೂ ನಟನ ಗುರುತನ್ನು ಮರೆಸುವ ಕಿರೀಟಾದಿ ವೇಷವೂ ಅದಕ್ಕೆ ಅವನು ಹೇಳುವ ಪರಿಹಾರ.

ಈ ಪರಿಹಾರ ಯಕ್ಷಗಾನದ ಕಟ್ಟಿನಲ್ಲೇ ಇದೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ ನೋಡುಗನನ್ನು ಊರಿನ ಹೊತ್ತಿನಿಂದ ಪುರಾಣದ ಹೊತ್ತಿಗೆ ದಾಟಿಸುತ್ತದೆ. ಬಳಿಕ ‘ದೇವೀ ಮಹಾತ್ಮೆ’ಯ ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಹೊಗೆಯ ನಡುವೆ, ಆರ್ಭಟಿಸುತ್ತ ಜನರ ಮಧ್ಯದಿಂದಲೇ ಬರುತ್ತಾನೆ. ಮಕ್ಕಳು ಚೀರುತ್ತಾರೆ, ದೊಡ್ಡವರ ಮೈಯೂ ಜುಮ್ಮೆನ್ನುತ್ತದೆ. ಸುತ್ತುವರಿಯುವ ಕಲೆಗೆ ಇದಕ್ಕಿಂತ ಸಮೀಪದ ಉದಾಹರಣೆ ಬೇಡ. ಆದರೂ ಅದು ವೇಷವೆಂಬ ಅರಿವು ಯಾರಿಗೂ ತಪ್ಪುವುದಿಲ್ಲ. ಮೈಮರೆಯುವಷ್ಟು ಸಾಮೀಪ್ಯವೂ ಮೋಸಹೋಗದಷ್ಟು ದೂರವೂ ಕೂಡಿದಲ್ಲಿ ಭಯ ಭಯಾನಕವಾಗುತ್ತದೆ. ಮೊಬೈಲು ಸಾಮೀಪ್ಯವನ್ನು ಕಡಿಮೆ ಮಾಡಿದರೆ, ಸುತ್ತುವರಿಯುವ ಕಲೆ ದೂರವನ್ನು ಅಳಿಸಿಹಾಕುತ್ತದೆ.

ಹರಕೆಯ ಆಟದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ. ಕಟೀಲಿನಂಥ ಕ್ಷೇತ್ರಗಳ ಮೇಳಗಳು ಆಡುವುದು ಸೇವೆಯಾಗಿ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆ ನಡೆದ ಮೇಲೆಯೇ ಆಟ, ಮಂಗಳದಿಂದ ಮುಕ್ತಾಯ. ಸೇವೆ ಸಲ್ಲುವುದು ದೇವರಿಗೆ. ನೋಡುಗ ನೂರಿದ್ದರೂ ಹತ್ತಿದ್ದರೂ ಅದು ಪೂರ್ಣ. ಆದ್ದರಿಂದ ನೇರಪ್ರಸಾರ ಸೇವೆಗೆ ಏನನ್ನೂ ಕೂಡಿಸುವುದಿಲ್ಲ, ಕಳೆಯುವುದೂ ಇಲ್ಲ. ದೂರದ ಭಕ್ತನಿಗೆ ಅದರಿಂದ ದರ್ಶನ ದಕ್ಕಬಹುದು, ಪ್ರಸಾದ ಕೈಗೆ ಬರುವುದಿಲ್ಲ. ರಸ ಮಾತ್ರ ನೋಡುಗನನ್ನು ಅವಲಂಬಿಸಿದ್ದು, ಅವನ ಚಿತ್ತ ಹದಗೊಳ್ಳದೆ ಹುಟ್ಟದು.

ಹೀಗಾಗಿ ಡಿಜಿಟಲ್ ಕಲೆಯ ಬೆಲೆಯನ್ನು ನಾಡಿಬಡಿತದಿಂದಾಗಲಿ, ಎದ್ದ ನವಿರಿನಿಂದಾಗಲಿ ಕಟ್ಟಲಾಗದು. ದೇಹ ಪರದೆಗೂ ಸ್ಪಂದಿಸುತ್ತದೆ, ಬಯಲಿಗೂ ಸ್ಪಂದಿಸುತ್ತದೆ. ಕೇಳಬೇಕಾದದ್ದು, ಆ ಸ್ಪಂದನದ ಬಳಿಕ ಚಿತ್ತ ಎಲ್ಲಿ ನಿಂತಿತು ಎಂದು. ಕೋಣೆಯಲ್ಲಿ ಒಂಟಿಯಾಗಿ, ಕರೆಗಳನ್ನು ನಿಲ್ಲಿಸಿ, ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವನಿಗೆ ರಸ ಸಿಗಬಹುದು. ಬಯಲಿನ ಮುಂದಿನ ಸಾಲಿನಲ್ಲಿ ಕೂತು ಆಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುವವನಿಗೆ ತಪ್ಪಿಹೋಗಬಹುದು.