ಕೋಡಿಯೂ ಸೋರಿಕೆಯೂ

ತುಂಬಿದ ಕೆರೆಯಿಂದ ನೀರು ತಾನಾಗಿ ಹೊರಹೋಗುವ ದಾರಿಗಳು ಎರಡು: ಒಂದು ಕೋಡಿ, ಇನ್ನೊಂದು ಸೋರಿಕೆ. ಎರಡರಲ್ಲಿಯೂ ಹೋಗುವುದು ನೀರೇ. ಆದರೂ ಕೋಡಿ ಬಿದ್ದರೆ ಊರು ಹಿಗ್ಗಿ ಗಂಗಮ್ಮನಿಗೆ ಪೂಜೆ ಸಲ್ಲಿಸುತ್ತದೆ. ಏರಿ ಸೋರಿದರೆ ಅಂಜುತ್ತದೆ. ಈ ಭೇದವೇಕೆ? ಕೊಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಇಲ್ಲಿ ಕಾಣಬಹುದೆಂದು ನಮಗೆ ತೋರುತ್ತದೆ.

ಮೊದಲು ಚಿಕ್ಕದೊಂದು ನಿದರ್ಶನವನ್ನು ನೋಡೋಣ. ಇಂದು ಪಟ್ಟಣದ ಮನೆಗಳಲ್ಲಿ ಗಾಜಿನ ಮೀನುತೊಟ್ಟಿಗಳುಂಟು. ಕೆಲವು ತೊಟ್ಟಿಗಳ ಅಂಚಿಗೆ ಸಣ್ಣದೊಂದು ಪೆಟ್ಟಿಗೆಯನ್ನು ಅಳವಡಿಸಿರುತ್ತಾರೆ. ಮಟ್ಟ ಮೀರಿದ ನೀರು ಅದರೊಳಗಿಳಿದು, ಕೊಳವೆಯ ಮೂಲಕ ಕೆಳಗಿನ ತೊಟ್ಟಿಯನ್ನು ಸೇರಿ, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಆ ಪೆಟ್ಟಿಗೆಯೇ ಪುಟ್ಟ ಕೆರೆಯ ಕೋಡಿ. ಅದರ ಸಂದಿಯಲ್ಲಿ ನೀರು ಜಿನುಗಿದರೆ ಮೇಲೆ ಅಂಟು ಬಳಿದು ಫಲವಿಲ್ಲ. ಒದ್ದೆಯ ಗಾಜಿಗಾಗಲಿ ಹಳೆಯ ಅಂಟಿಗಾಗಲಿ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯದು. ನೀರಿಳಿಸಿ, ಹಳೆಯದನ್ನು ಕೆರೆದು ತೆಗೆದು, ಒಣಗಿಸಿ, ಹೊಸದನ್ನು ಹಾಕಿ, ಗಟ್ಟಿಯಾಗುವ ತನಕ ಕಾಯಬೇಕು. ಪೆಟ್ಟಿಗೆಯ ಬಾಯನ್ನೇ ಮುಚ್ಚಿದರೆ ಸೋರಿಕೆಯೇನೋ ನಿಂತೀತು. ಆದರೆ ಪಂಪು ಎತ್ತುವ ನೀರು ತೊಟ್ಟಿಯ ಅಂಚನ್ನೇ ಮೀರಿ ಚೆಲ್ಲುವುದು.

ಮಣ್ಣಿನ ಕೆರೆಗೂ ಇದೇ ನ್ಯಾಯ. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಗೆ ಮೂಟೆ ಅಡ್ಡವಿಟ್ಟರೆ ಏರಿಯೇ ಒಡೆಯಬಹುದು. ಅಲ್ಲದೆ ಮೇಲಿನ ಕೆರೆಯ ಕೋಡಿಯ ನೀರು ಎಷ್ಟೋ ಕಡೆ ಕೆಳಗಿನ ಕೆರೆಯನ್ನು ತುಂಬಿಸುತ್ತದೆ. ಆದಕಾರಣ ಕೋಡಿಯ ನೀರು ನಷ್ಟವಲ್ಲ, ದಾನ. ಸೋರಿಕೆಯ ಬಗೆಯೇ ಬೇರೆ. ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಮಣ್ಣು ಇನ್ನೂ ನಿಂತಿದೆಯೆಂದು ಅರ್ಥ. ಕದಡಿದ್ದರೆ ಏರಿಯ ಮಣ್ಣೇ ಕೊಚ್ಚಿಹೋಗುತ್ತಿದೆ. ಆಗ ಹೊರಗಡೆಯಿಂದ ಬಿರಡೆ ಹೊಡೆದರೆ ನೀರು ಬೇರೊಂದು ದಾರಿಯನ್ನು ಹುಡುಕುತ್ತದೆ. ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹರಡಿದರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ.

ನಮ್ಮ ನೆರೆಯ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದುಂಟು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಗೆ ಸಂಬಂಧಿಸಿದ ಈ ಶಾಸನವು ಕೆರೆಯ 6 ದೋಷಗಳನ್ನು ಎಣಿಸುತ್ತದೆ. ಏರಿ ಒಸರುವುದು, ಸವಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬ, ನೆಲ ಹೆಚ್ಚಾಗಿ ನೀರು ಕಡಮೆಯಾಗುವುದು, ನೀರು ಹೆಚ್ಚಾಗಿ ನೆಲ ಕಡಮೆಯಾಗುವುದು. ಇವುಗಳಲ್ಲಿ ನಾಲ್ಕು ನೆಲದಿಂದ ಬಂದವು. ಒಸರುವುದನ್ನು ಮಾತ್ರ ಮನುಷ್ಯರ ಕೈ ತಡೆಯಬಲ್ಲುದು. ಗಡಿಯ ದೋಷವಂತೂ ಮನುಷ್ಯರ ಮನಸ್ಸಿನದು. ಇಬ್ಬರಿಗೂ ಸೇರಿದ ಕೆರೆಯ ಬಿರುಕನ್ನು ಇಬ್ಬರೂ ಮತ್ತೊಬ್ಬರ ಪಾಲಿನದೆಂದು ಬಗೆಯುತ್ತಾರೆ.

ರಾಯದುರ್ಗ, ಮಡಕಶಿರಗಳ ನಮಗೆ ಈ ಮಾತು ದೂರದ್ದಲ್ಲ. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರದ ಸುತ್ತಲೂ ಬಹುಪಾಲು ಕರ್ನಾಟಕದ ನೆಲವೇ ಇದೆ. ಗಡಿಯ ಕನ್ನಡ ಶಾಲೆಯೂ ಒಂದು ಗಡಿಯ ಕೆರೆ. ಓದು ಮುಗಿಸಿ ಮುಂದಿನ ಶಾಲೆಗೆ ನಡೆಯುವ ಮಗು ಕೋಡಿಯ ನೀರು. ಆ ಮುಂದಿನ ಶಾಲೆ ಯಾವ ಭಾಷೆಯದಾದರೂ ನಾವು ಹಿಗ್ಗಬೇಕು. ನಡುವೆಯೇ ಓದು ಬಿಟ್ಟು ಕೂಲಿಗೋ ಕುರಿ ಕಾಯುವುದಕ್ಕೋ ಹೋಗುವ ಮಗು ಸೋರಿಕೆ. ಗದರಿಕೆಯಿಂದಾಗಲಿ, ಹಾಜರಿ ಪುಸ್ತಕದಲ್ಲಿ ಸುಳ್ಳು ಗುರುತು ಹಾಕುವುದರಿಂದಾಗಲಿ ಅದು ನಿಲ್ಲದು. ಅದು ಹೊರಗಿನ ಬಿರಡೆ ಮಾತ್ರ. ಮಗು ಏಕೆ ಬರಲಿಲ್ಲವೆಂದು ಅದರ ಮನೆಗೆ ಹೋಗಿ ಕೇಳಬೇಕು. ಇದು ಆ ಸರ್ಕಾರದ ಕೆಲಸವೋ ಈ ಸರ್ಕಾರದ ಕೆಲಸವೋ ಎಂದು ವಾದಿಸುತ್ತ ಕುಳಿತರೆ ಏರಿ ಕಾಯುವುದಿಲ್ಲ. ವಾರಕ್ಕೊಂದು ದಿನ ತಪ್ಪುವಾಗ ನೀರು ಇನ್ನೂ ತಿಳಿಯಾಗಿರುತ್ತದೆ. ನಾವು ಹೊರಡಬೇಕಾದುದು ಆಗಲೇ.