ಬಾನುಲಿಯ ಧ್ವನಿಮುದ್ರಣವೂ ಅಚೌರ್ಯಾಣುವ್ರತವೂ

ಪಟ್ಟಣದಲ್ಲಿ ಉದ್ಯೋಗದಲ್ಲಿರುವ ತರುಣ ಶ್ರಾವಕನೊಬ್ಬನು ಅಂತರಜಾಲ ಬಾನುಲಿಯಲ್ಲಿ ಬರುವ ಪ್ರವಚನಗಳನ್ನೂ ಭಕ್ತಿಗೀತೆಗಳನ್ನೂ ಗಣಕಯಂತ್ರದಲ್ಲಿ ಮುದ್ರಿಸಿ, ಕಿಸೆಯಲ್ಲಿ ಹಿಡಿಯುವ ಎಂಪಿ3 ಪ್ಲೇಯರಿಗೆ ತುಂಬಿಕೊಂಡು ಬಸ್ಸಿನ ಪ್ರಯಾಣದಲ್ಲಿ ಕೇಳುತ್ತಾನೆ. ಹಳ್ಳಿಯಲ್ಲಿರುವ ವೃದ್ಧ ತಾಯಿಗೂ ಅಂಥದೇ ಒಂದನ್ನು ತುಂಬಿಸಿ ಕೊಡಬೇಕೆಂಬುದು ಅವನ ಇಚ್ಛೆ. ಆಕೆಯ ಮನೆಯಲ್ಲಿ ಅಂತರಜಾಲವಿಲ್ಲ. ಕಣ್ಣು ಮಂಜಾಗಿ ಸ್ವಾಧ್ಯಾಯ ನಿಂತುಹೋಗಿದೆ. ಆದರೆ ತಾಯಿಯೇ ಕೇಳಿದಳು: "ಇದನ್ನು ಯಾರು ಕೊಟ್ಟರಪ್ಪಾ?" ಅಚೌರ್ಯಾಣುವ್ರತವನ್ನು ಐವತ್ತು ವರ್ಷ ಪಾಲಿಸಿದ ಶ್ರಾವಿಕೆಯ ಪ್ರಶ್ನೆ ಇದು. ನಗುತ್ತಾ ತಳ್ಳಿಹಾಕುವಂಥದಲ್ಲ.

ಬಾನುಲಿಯಿಂದ ಮುದ್ರಿಸಿಕೊಳ್ಳುವುದು ಹೊಸ ಅಭ್ಯಾಸವೇನೂ ಅಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಆಕಾಶವಾಣಿಯ ಕಾರ್ಯಕ್ರಮಗಳನ್ನು ಹಾಗೆ ಉಳಿಸಿಕೊಂಡ ಮನೆಗಳು ಎಷ್ಟೋ ಇವೆ. ಬದಲಾದುದು ಪ್ರಮಾಣ. 1998ರಲ್ಲಿ ಅಮೆರಿಕದ ಪೇಟೆಗೆ ಬಂದ ರಿಯೋ ಎಂಬ ಪ್ಲೇಯರಿನಲ್ಲಿ 32 ಮೆಗಾಬೈಟ್ ಸ್ಥಳವಿತ್ತು. ಸೆಕೆಂಡಿಗೆ 128 ಕಿಲೋಬಿಟ್‌ನ ಪ್ರಸಾರವನ್ನು ಮುದ್ರಿಸಲು ಗಂಟೆಗೆ ಸುಮಾರು 58 ಮೆಗಾಬೈಟ್ ಬೇಕು. ಎಂದರೆ ಅದರಲ್ಲಿ ಹಿಡಿಯುತ್ತಿದ್ದುದು ಅರ್ಧ ಗಂಟೆಯ ಸಂಗೀತ. ಆ ಅರ್ಧ ಗಂಟೆಗೂ ಹೆದರಿದ ಧ್ವನಿಮುದ್ರಣ ಕಂಪನಿಗಳ ಸಂಘ ಅದರ ಮಾರಾಟವನ್ನು ತಡೆಯಲು ಮೊಕದ್ದಮೆ ಹೂಡಿತು. 1999ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಇಂದು ಉಗುರಿನಗಲದ 32 ಗಿಗಾಬೈಟ್ ಕಾರ್ಡಿನಲ್ಲಿ 500 ಗಂಟೆಗಳಿಗೂ ಹೆಚ್ಚು ಹಿಡಿಯುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಉದಾರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 39ನೆಯ ಕಲಮಿನಂತೆ, ಮುದ್ರಿಸುವವನು ತನ್ನ ಖಾಸಗಿ ಉಪಯೋಗಕ್ಕಾಗಿ ಮಾಡಿಕೊಂಡ ಧ್ವನಿಮುದ್ರಣದಿಂದ ಪ್ರಸಾರ ಸಂಸ್ಥೆಯ ಹಕ್ಕಿಗಾಗಲಿ ಕಲಾವಿದರ ಹಕ್ಕಿಗಾಗಲಿ ಭಂಗ ಬಂದಂತೆ ಆಗುವುದಿಲ್ಲ. ಕೃತಿಯನ್ನು ಖಾಸಗಿಯಾಗಿ ನ್ಯಾಯೋಚಿತ ರೀತಿಯಲ್ಲಿ ಬಳಸಲು 52ನೆಯ ಕಲಂ ಅವಕಾಶವಿತ್ತಿದೆ. ಆದರೆ ದಂಡವಿಲ್ಲದ್ದೆಲ್ಲ ದೋಷವಿಲ್ಲದ್ದು ಎಂದು ವ್ಯಾಪಾರಿಯ ಲೆಕ್ಕದಲ್ಲಿಯೂ ಇಲ್ಲ, ವ್ರತಿಯ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಕೊಡದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಇಷ್ಟನ್ನೇ ಹಿಡಿದರೆ ಊರಿನ ಬೀದಿಯಲ್ಲಿ ನಡೆಯುವ ಮುನಿಗೂ ದೋಷ ತಗಲಬೇಕಲ್ಲ, ಆ ಬೀದಿಯನ್ನು ಅವರಿಗೆ ಯಾರೂ ಕೊಟ್ಟಿಲ್ಲವಲ್ಲ ಎಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಳ್ಳುತ್ತಾರೆ. ಬೀದಿ, ಊರಬಾಗಿಲುಗಳು ಸಾಮಾನ್ಯವಾಗಿ ಎಲ್ಲರಿಗೂ ಬಿಟ್ಟುಕೊಟ್ಟವು, ಆದುದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲನ್ನು ಮುನಿಗಳು ಪ್ರವೇಶಿಸುವುದಿಲ್ಲ, ಏಕೆಂದರೆ ಅದು ಬಿಟ್ಟುಕೊಟ್ಟದ್ದಲ್ಲ ಎಂಬುದು ಅವರ ಸಮಾಧಾನ. ಶತಮಾನಗಳ ಹಿಂದಿನ ಈ ವಿವೇಚನೆ ಅಂತರಜಾಲ ಬಾನುಲಿಗೆ ಹೇಳಿಸಿದಂತಿದೆ. ಎಲ್ಲರೂ ಕೇಳಲೆಂದು ತೆರೆದಿಟ್ಟ ಪ್ರಸಾರ ಬೀದಿಯಂತೆ. ಹಣ ಕೊಟ್ಟವರಿಗಷ್ಟೇ ಎಂದು ಬೀಗ ಹಾಕಿದ್ದು ಮುಚ್ಚಿದ ಬಾಗಿಲು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿದರೆ 2012ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸವೂ ಉಂಟು. ಇಲ್ಲಿ ವ್ರತವೂ ರಾಜಶಾಸನವೂ ಒಂದೇ ಮಾತನ್ನಾಡುತ್ತವೆ. ವಿರುದ್ಧರಾಜ್ಯಾತಿಕ್ರಮವು ಈ ವ್ರತದ ಐದು ಅತಿಚಾರಗಳಲ್ಲಿ ಒಂದೆಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ತೆರೆದ ಬೀದಿಯಲ್ಲಿ ನಡೆಯಬಹುದು ನಿಜ. ಬೀದಿಯ ಕಲ್ಲನ್ನು ಕಿತ್ತು ಮನೆಗೆ ಒಯ್ಯಬಹುದೇ? ಬೆಳಗಿನ ಕಾರ್ಯಕ್ರಮವನ್ನು ಸಂಜೆ ಕೇಳಲು ಮುದ್ರಿಸಿಕೊಂಡವನು ಕೊಟ್ಟದ್ದನ್ನೇ ತಡವಾಗಿ ಪಡೆದನು. ಆದರೆ ಸ್ಟ್ರೀಮ್‌ರಿಪ್ಪರ್‌ನಂಥ ತಂತ್ರಾಂಶಗಳು ಪ್ರಸಾರವನ್ನು ಹಾಡುಹಾಡಾಗಿ ಕತ್ತರಿಸಿ, ಹೆಸರು ಬರೆದು, ಕಪಾಟು ತುಂಬಿಸಿಕೊಡುತ್ತವೆ. ಮಂಡಿಯಲ್ಲಿ ರುಚಿ ನೋಡಲು ಮುರಿದುಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡವನನ್ನು ಯಾವ ವರ್ತಕನೂ ಕಳ್ಳನೆನ್ನುವುದಿಲ್ಲ. ರುಚಿ ನೋಡುತ್ತಲೇ ಚೀಲ ತುಂಬಿಕೊಂಡವನನ್ನು ಸಜ್ಜನನೆನ್ನುವುದೂ ಇಲ್ಲ. ಕೊಳ್ಳಬೇಕಾದುದನ್ನು ಕೊಳ್ಳದಿರಲೆಂದೇ ಮುದ್ರಿಸಿದಾಗ ಅಲ್ಲಿ ಪ್ರಮಾದವಿದೆ, ಲೋಭವಿದೆ.

ಬಾನುಲಿ ಬಾವಿಯ ನೀರಿನಂತೆ, ಒಬ್ಬನು ಸೇದಿದರೆ ಇನ್ನೊಬ್ಬನಿಗೆ ಕಡಿಮೆಯಾಗದು ಎಂಬ ವಾದವೂ ಉಂಟು. ಬಾವಿಯ ನೀರು ಮುಂತಾದುವನ್ನು ಬಿಡಲಾರದ ಗೃಹಸ್ಥನಿಗೆ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸಡಿಲಿಕೆ ಕೊಟ್ಟಿದ್ದಾರೆ. ಉಳಿದ ಅದತ್ತವನ್ನೆಲ್ಲ ಬಿಡಲೇಬೇಕೆಂದೂ ಕೂಡಲೇ ಸೇರಿಸಿದ್ದಾರೆ. ಆಕಾಶವಾಣಿಯ ಗೋಪುರದಿಂದ ಹೊರಟ ತರಂಗಕ್ಕೆ ಈ ಹೋಲಿಕೆ ಒಪ್ಪುತ್ತದೆ, ಕೇಳುವವರು ಹತ್ತಾದರೂ ಲಕ್ಷವಾದರೂ ಅದರ ವೆಚ್ಚ ಒಂದೇ. ಅಂತರಜಾಲ ಬಾನುಲಿ ಹಾಗಲ್ಲ. ಅದು ಸಾಮಾನ್ಯವಾಗಿ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ಧಾರೆಯನ್ನು ಕಳಿಸಬೇಕಾಗುತ್ತದೆ. ಅಮೆರಿಕದ ವಾಣಿಜ್ಯ ಕೇಂದ್ರಗಳು ಹಾಡಿಗಿಷ್ಟು, ಕೇಳುಗನಿಗಿಷ್ಟು ಎಂದು ರಾಯಧನವನ್ನೂ ತೆರುತ್ತವೆ. ರಾತ್ರಿಯಿಡೀ ಯಂತ್ರವನ್ನು ಮುದ್ರಣಕ್ಕೆ ಬಿಟ್ಟು ಮಲಗಿದವನು ಕೇಳುವ ಕಿವಿಯೇ ಇಲ್ಲದೆ ಇನ್ನೊಬ್ಬರ ಖರ್ಚಿನಲ್ಲಿ ನಲ್ಲಿಯನ್ನು ಹರಿಯಬಿಟ್ಟಂತೆ. ಹಾಗೆ ಕೂಡಿಟ್ಟ 500 ಗಂಟೆಗಳನ್ನು ದಿನಕ್ಕೊಂದು ಗಂಟೆಯಂತೆ ಕೇಳಿದರೂ ಒಂದು ವರ್ಷ ನಾಲ್ಕೂವರೆ ತಿಂಗಳು ಬೇಕು. ಪರಿಗ್ರಹ ಪರಿಮಾಣ ವ್ರತದಲ್ಲಿ ಬಂಗಾರಕ್ಕೂ ಧಾನ್ಯಕ್ಕೂ ಮಿತಿ ಹಾಕಿಕೊಂಡವರು ಈ ಕಪಾಟನ್ನು ಲೆಕ್ಕಕ್ಕೆ ತಂದಂತೆ ಕಾಣುವುದಿಲ್ಲ.

ಪ್ರತಿ ಮಾಡಿ ಹಂಚುವುದು ನಮ್ಮ ಪರಂಪರೆಯಲ್ಲಿ ಶಾಸ್ತ್ರದಾನವಲ್ಲವೇ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಹಂಚಲಿಲ್ಲವೇ ಎಂದು ಕೆಲವರು ಕೇಳುವರು. ಹಂಚಿದ್ದು ನಿಜ. ಆ ಕೃತಿಯನ್ನು ಬರೆಸಿದವರು ಯಾರೆಂಬುದನ್ನೂ ನೆನೆಯಬೇಕು: ಆಕೆಯ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಕವಿಯನ್ನು ಗೌರವಿಸಿದ ಮನೆತನದ ಮಗಳು ತನ್ನ ದ್ರವ್ಯವನ್ನು ವ್ಯಯಿಸಿ ಪ್ರತಿ ಮಾಡಿಸಿದಳು. ಗಾಯಕನಿಗೆ ಕಾಸು ಕೊಡದೆ, ತನಗೂ ಕಾಸು ಖರ್ಚಾಗದೆ ಮಾಡುವ ದಾನಕ್ಕೆ ಆಕೆಯ ಹೆಸರನ್ನು ತರುವುದು ಉಚಿತವಲ್ಲ.

ಬಸದಿಯ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸಲು 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ದಶಲಕ್ಷಣ ಪರ್ವದಲ್ಲಿ ಬಾನುಲಿಯಿಂದ ಮುದ್ರಿಸಿದ್ದನ್ನು ಪೆನ್‌ಡ್ರೈವಿಗೆ ತುಂಬಿ ಕಾಣಿಕೆ ಪಡೆದು ಕೊಡುವುದಕ್ಕೆ ಇಲ್ಲ. ಕಾಣಿಕೆಯೆಂದರೂ ಅದು ಮಾರಾಟವೇ.

ಇನ್ನು ತಾಯಿಯ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅಚೌರ್ಯವನ್ನು ಹೇಳುವಾಗ, ಬಿಟ್ಟುಕೊಡದ ಪರದ್ರವ್ಯವನ್ನು ತಾನು ತೆಗೆದುಕೊಳ್ಳದಿರುವುದರ ಜೊತೆಗೆ ಇನ್ನೊಬ್ಬರಿಗೆ ಕೊಡದಿರುವುದನ್ನೂ ಸೇರಿಸಿದ್ದಾರೆ. ಕಾನೂನಿನ ಮಾತೂ ಮುದ್ರಿಸಿದವನ ಉಪಯೋಗಕ್ಕೆ ಸೀಮಿತವಾಗಿದೆ. ಮಗನಲ್ಲಿ ಲೋಭವಿಲ್ಲ, ದೋಷವೆನ್ನಲು ನಾಲಿಗೆ ಏಳದು. ಆದರೂ ತಾಯಿ ಕೇಳಿದ್ದು ಮಗನ ಮನಸ್ಸನ್ನಲ್ಲ, ಕೊಟ್ಟವರನ್ನು. ಉಳಿದ ದ್ರವ್ಯಗಳಿಗಿಲ್ಲದ ಒಂದು ಸೌಕರ್ಯ ಇದಕ್ಕಿದೆ: ಕೊಡುವವನಿಗೆ ಏನೂ ಕಡಿಮೆಯಾಗದೆ ಒಂದು ಪತ್ರದ ಉತ್ತರದಿಂದ ಅದತ್ತವು ದತ್ತವಾಗಬಲ್ಲದು. ಪ್ರವಚನವನ್ನು ಪ್ರಸಾರ ಮಾಡುವ ಸಂಸ್ಥೆಗೆ ಆತ ಬರೆದು ಕೇಳಲಿ. ಉತ್ತರ ಬಾರದಿದ್ದರೆ ಮೌನವನ್ನೇ ಸಮ್ಮತಿಯೆಂದು ಬರೆದುಕೊಳ್ಳುವುದು ಬೇಡ, ಇನ್ನೊಮ್ಮೆ ಬರೆಯಲಿ. ಅಲ್ಲಿಯವರೆಗೆ ಪ್ರಸಾರದ ವೇಳೆಗೆ ಮನೆಗೆ ದೂರವಾಣಿ ಮಾಡಿ, ಅದನ್ನು ಬಾನುಲಿಯ ಪಕ್ಕದಲ್ಲಿಟ್ಟು ತಾಯಿಗೆ ಕೇಳಿಸಲಿ.