ಕೋಳಿಯಲ್ಲಿ ಮಾಂಸವೆಷ್ಟು?

ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿಯನ್ನು ಕೊಂಡರೆ ಅಡುಗೆಗೆ ಸಿಗುವ ಮಾಂಸವೆಷ್ಟು? ರಕ್ತ, ಗರಿ, ತಲೆ, ಕಾಲು, ಕರುಳು ಹೋದ ಮೇಲೆ ಉಳಿಯುವುದು ಸುಮಾರು 1 ಕಿಲೋ 400 ಗ್ರಾಂ. ಚರ್ಮ ಸುಲಿದರೆ ತೂಕ ಇನ್ನಷ್ಟು ಇಳಿಯುತ್ತದೆ. ಎಲುಬನ್ನೂ ಬಿಡಿಸಿದರೆ ಒಂದು ಕಿಲೋ ಕೂಡಾ ಸಿಗದು. ಅರ್ಧ ಕೋಳಿ ತಟ್ಟೆಗೆ, ಉಳಿದರ್ಧ ಅಂಗಡಿಯ ಡ್ರಮ್ಮಿಗೆ.

ಈ ಲೆಕ್ಕ ತಿಳಿಯದವರು ಅಂಗಡಿಯವನ ಮೇಲೆ ಸಂಶಯ ಪಡುತ್ತಾರೆ. ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಆದ್ದರಿಂದ ಜೀವಂತ ತೂಕದ ದರವೋ, ಶುಚಿ ಮಾಡಿದ ಮಾಂಸದ ದರವೋ ಎಂದು ಕೇಳಿಕೊಳ್ಳುವುದು ನ್ಯಾಯವೇ. ಆದರೆ ತಕ್ಕಡಿ ಸರಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವುದು ಮಾಂಸ, ಯಾವುದು ಕಸ ಎಂದು ತೀರ್ಮಾನಿಸುವವರು ಯಾರು?

ಗರಿಯನ್ನು ಯಾರೂ ತಿನ್ನಲಾರರು, ಒಪ್ಪೋಣ. ಆದರೆ ನಾವು ಎಸೆಯುವ ಕೋಳಿಕಾಲು ಚೀನಾದಲ್ಲಿ ಬಯಸಿ ತಿನ್ನುವ ತಿನಿಸು. ಅದಕ್ಕಾಗಿ ಹೊರದೇಶಗಳಿಂದ ತರಿಸಿಕೊಳ್ಳುತ್ತಾರೆ. ನಮ್ಮಲ್ಲೂ ಮನೆಯಲ್ಲೇ ಸಾಕಿದ ಕೋಳಿಯನ್ನು ಕೊಯ್ದ ದಿನ ಕತ್ತು, ಲಿವರ್, ಎಲುಬು ಎಲ್ಲವೂ ಸಾರಿಗೆ ಬೀಳುತ್ತಿದ್ದವು. 'ಬೋನ್‌ಲೆಸ್' ಎಂಬ ಪದ ಹೋಟೆಲಿನಿಂದ ಮನೆಗೆ ಬಂದ ಮೇಲೆ ಎಲುಬೂ ಕಸವಾಯಿತು. ಅಂದರೆ ಕೋಳಿ ಬದಲಾಗಿಲ್ಲ, ನಮ್ಮ ನಾಲಿಗೆ ಬದಲಾಗಿದೆ.

ಈ ಕಸಕ್ಕೂ ಬೆಲೆ ತೆರುವವರಿದ್ದಾರೆ. ವ್ಯವಸ್ಥೆ ಇರುವಲ್ಲಿ ಅದನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿ ಪ್ರಾಣಿಗಳ ಆಹಾರಕ್ಕೆ ಬಳಸುತ್ತಾರೆ. ಇಲ್ಲದಲ್ಲಿ ಅದು ರಾತೋರಾತ್ರಿ ಹೆದ್ದಾರಿಯ ಬದಿಗೋ ಹೊಳೆಗೋ ಬೀಳುತ್ತದೆ. ತಿಂದವರು ನಾವು, ದುರ್ವಾಸನೆ ಮತ್ತು ಬೀದಿನಾಯಿಗಳ ಕಾಟ ಮಾತ್ರ ಆ ದಾರಿಯಲ್ಲಿ ಬದುಕುವ ಬಡವರಿಗೆ.

ಮುಸ್ಲಿಮರು ಕೋಳಿಯನ್ನು ದೇವನಾಮ ಉಚ್ಚರಿಸಿ ಕೊಯ್ಯುತ್ತಾರೆ. ಈ ಜೀವ ನಮ್ಮ ಸೊತ್ತಲ್ಲ, ಅದರ ಒಡೆಯನ ಅನುಮತಿಯಿಂದ ತೆಗೆಯುತ್ತಿದ್ದೇವೆ ಎಂಬ ಒಪ್ಪಿಗೆ ಅದರಲ್ಲಿದೆ. ಜೀವವನ್ನು ಅರ್ಧ ತೆಗೆಯಲಾಗುವುದಿಲ್ಲ. ಆರೇಳು ವಾರ ಬದುಕಿದ ಒಂದು ಹಕ್ಕಿಯ ಇಡೀ ಜೀವ ತೆಗೆದು, ಎದೆಯ ನಾಲ್ಕು ತುಂಡು ತಿಂದು ಉಳಿದುದನ್ನು ಎಸೆಯುವಾಗ ಆ ಒಪ್ಪಿಗೆಗೆ ಏನು ಅರ್ಥ? ಮದುವೆ ಮನೆಯ ಹಿತ್ತಿಲಲ್ಲಿ ಬಿರಿಯಾನಿ ಸಮೇತ ಬಿದ್ದಿರುವ ಮಾಂಸದ ರಾಶಿಗೂ ಇದೇ ಪ್ರಶ್ನೆ.

ಮಾಂಸ ತಿನ್ನಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ತಿನ್ನುವವರಾದ ನಾವು ಅದಕ್ಕೆ ಮೊದಲು ಮಾಡಬಹುದಾದ ಕೆಲಸವೊಂದಿದೆ: ಬೇಕಾದಷ್ಟೇ ಕೊಳ್ಳುವುದು, ಎಲುಬಿನ ಸಾರನ್ನೂ ಉಣ್ಣುವುದು, ಉಳಿದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆಂದು ಅಂಗಡಿಯವನನ್ನು ಕೇಳುವುದು. ತೂಕ ಕಡಿಮೆಯಾಯಿತೆಂದು ಕೇಳುವ ನಾವು ಇದನ್ನೂ ಕೇಳಬಾರದೇಕೆ?